ಅನುಮತಿಯ ಕ್ಯಾಮೆರಾ, ಕಳ್ಳ ಕ್ಯಾಮೆರಾ

ಉತ್ತರ ಕೊರಿಯಾದ ಬಗ್ಗೆ ಒಳ್ಳೆಯ ಸಾಕ್ಷ್ಯಚಿತ್ರ ಯಾವುದಿದೆ ಎಂದು ಯಾರಾದರೂ ಕೇಳಿದರೆ ಥಟ್ಟನೆ ಒಂದು ಹೆಸರು ಹೇಳಿ ಕೈತೊಳೆದುಕೊಳ್ಳಲು ಆಗುವುದಿಲ್ಲ. ಬ್ರೆಜಿಲ್ ಬಗ್ಗೆಯೋ ಇಟಲಿಯ ಬಗ್ಗೆಯೋ ಕೇಳಿದರೆ ಹೇಳಬಹುದು. ಅಲ್ಲಿಗೆ ಕ್ಯಾಮೆರಾ ಹೊತ್ತು ಯಾರು ಬೇಕಾದರೂ ಹೋಗಬಹುದು. ಒಬ್ಬ ಎಡವಟ್ಟು ಮಾಡಿದರೆ ಇನ್ನೊಬ್ಬ ಹೋಗಿ ಸರಿಪಡಿಸುತ್ತಾನೆ. ಬಾಗಿಲು ಹಾಕಿಕೊಂಡ ದೇಶದ ಒಳಗೆ ಹೋಗುವ ದಾರಿ ಎರಡೇ. ಬಾಗಿಲು ತಟ್ಟಿ, ಒಳಗಿನವರ ಷರತ್ತಿಗೆಲ್ಲ ಹೂಂ ಎಂದು, ಅವರು ತೋರಿಸಿದ್ದನ್ನು ನೋಡಿಕೊಂಡು ಬರುವುದು ಒಂದು. ಸುಳ್ಳು ಹೇಳಿಯೋ ಕದ್ದೋ ನುಗ್ಗುವುದು ಇನ್ನೊಂದು. ಎರಡೂ ಬಗೆಯ ಚಿತ್ರಗಳಿವೆ, ಎರಡರಲ್ಲೂ ಒಳ್ಳೆಯವಿವೆ. ಯಾವುದನ್ನು ಮೊದಲು ನೋಡಿ ಎನ್ನಬೇಕು ಎಂಬಲ್ಲಿ ಮಾತ್ರ ಚಿತ್ರ ನೋಡುವವರಲ್ಲೇ ಎರಡು ಪಕ್ಷ.

ಮೊದಲ ದಾರಿ ಹಿಡಿದವರಲ್ಲಿ ಮುಖ್ಯನಾದವನು ಬ್ರಿಟಿಷ್ ನಿರ್ದೇಶಕ ಡೇನಿಯಲ್ ಗಾರ್ಡನ್. ರಾಜಕೀಯದ ಸುದ್ದಿಗೆ ಹೋಗದೆ ಫುಟ್‌ಬಾಲಿನ ಮೂಲಕ ಒಳಗೆ ಹೋದ ಜಾಣ. 1966ರ ವಿಶ್ವಕಪ್ಪಿನಲ್ಲಿ ಉತ್ತರ ಕೊರಿಯಾ ಇಂಗ್ಲೆಂಡಿನ ಮಿಡಲ್ಸ್‌ಬರೋ ಊರಿನಲ್ಲಿ ಬಲಾಢ್ಯ ಇಟಲಿಯನ್ನು 1-0 ಅಂತರದಿಂದ ಸೋಲಿಸಿ ಮನೆಗೆ ಕಳಿಸಿತ್ತು. ಆ ತಂಡದಲ್ಲಿ ಬದುಕಿದ್ದ ಆಟಗಾರರನ್ನು ಹುಡುಕಿಕೊಂಡು ಹೋಗಿ ಗಾರ್ಡನ್ ಮಾಡಿದ ಚಿತ್ರ ‘ದ ಗೇಮ್ ಆಫ್ ದೇರ್ ಲೈವ್ಸ್’ (2002). ಹಾಗೆ ಗಳಿಸಿದ ನಂಬಿಕೆಯ ಮೇಲೆ ಎರಡನೆಯ ಚಿತ್ರ ನಿಂತಿತು: ‘ಎ ಸ್ಟೇಟ್ ಆಫ್ ಮೈಂಡ್’ (2004).

ಪ್ಯೊಂಗ್ಯಾಂಗ್ ನಗರದ ಇಬ್ಬರು ಶಾಲಾ ಹುಡುಗಿಯರು, 2003ರ ಸಾಮೂಹಿಕ ಕ್ರೀಡಾ ಪ್ರದರ್ಶನಕ್ಕೆ ತಿಂಗಳುಗಟ್ಟಲೆ ನಡೆಸುವ ತಯಾರಿ, ಇಷ್ಟೇ ಕಥೆ. ಮೈದಾನದಲ್ಲಿ ಸಾವಿರಾರು ಮಕ್ಕಳು ಒಂದೇ ತಾಳಕ್ಕೆ ಬಾಗುತ್ತಾರೆ, ಏಳುತ್ತಾರೆ; ಎದುರಿನ ಗ್ಯಾಲರಿಯಲ್ಲಿ ಕುಳಿತ ಇನ್ನೂ ಸಾವಿರಾರು ಮಕ್ಕಳು ಬಣ್ಣದ ಹಾಳೆಗಳನ್ನು ಒಟ್ಟಿಗೆ ತಿರುಗಿಸಿ ಗುಡ್ಡ, ಸೂರ್ಯ, ನಾಯಕನ ಮುಖ ಮೂಡಿಸುತ್ತಾರೆ. ಹುಡುಗಿಯರಿಗಿರುವುದು ಒಂದೇ ಆಸೆ, ಜನರಲ್ ಕಿಮ್ ಜೊಂಗ್ ಇಲ್ ಬಂದು ತಮ್ಮನ್ನು ನೋಡಬೇಕು. ಆದರೆ ಚಿತ್ರದ ಜೀವ ಇರುವುದು ಮೈದಾನದಲ್ಲಲ್ಲ, ಅಡುಗೆಮನೆಯಲ್ಲಿ. ಅಲ್ಲಿನ ಗೋಡೆಯ ಮೇಲೆ ಸರ್ಕಾರಿ ರೇಡಿಯೋ ಇದೆ. ಅದರ ಸದ್ದು ಕಡಿಮೆ ಮಾಡಬಹುದು, ಆರಿಸಲು ಬರುವುದಿಲ್ಲ. ಅಮ್ಮ ಅಡುಗೆ ಮಾಡುತ್ತಿರುತ್ತಾಳೆ, ರೇಡಿಯೋ ತನ್ನ ಪಾಡಿಗೆ ಮಾತಾಡುತ್ತಿರುತ್ತದೆ, ಯಾರೂ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಕರೆಂಟು ಹೋಗುತ್ತದೆ, ಕತ್ತಲಲ್ಲಿ ಕುಳಿತ ಮನೆಯವರು ಯಾವ ಏರಿಳಿತವೂ ಇಲ್ಲದ ದನಿಯಲ್ಲಿ ಅಮೆರಿಕನ್ನರನ್ನು ಬೈಯುತ್ತಾರೆ. ಅದು ಕ್ಯಾಮೆರಾಕ್ಕೆಂದು ಆಡಿದ ಮಾತೇ, ನಂಬಿ ಆಡಿದ ಮಾತೇ, ಹೇಳುವುದು ಕಷ್ಟ. ಬಹುಶಃ ಆಡಿದವರಿಗೂ ಆ ವ್ಯತ್ಯಾಸ ಉಳಿದಿಲ್ಲ. ನಿರೂಪಕ ಇಲ್ಲಿ ಒಂದೂ ಕಟುಮಾತು ಸೇರಿಸುವುದಿಲ್ಲ. ಸೇರಿಸಿದ್ದರೆ ಆ ಕ್ಷಣ ಹಾಳಾಗುತ್ತಿತ್ತು.

ಈ ಬಗೆಯ ಚಿತ್ರಗಳ ಪರ ನಿಂತವರು ಹೇಳುವುದು ಇಷ್ಟು. ತಿಂಗಳುಗಟ್ಟಲೆ ಒಂದೇ ಮನೆಗೆ ಮತ್ತೆ ಮತ್ತೆ ಹೋಗಲು ಅವಕಾಶ ಸಿಗುವುದು ಅನುಮತಿ ಇದ್ದವನಿಗೆ ಮಾತ್ರ. ಕದ್ದು ತೆಗೆದವನಿಗೆ ಸಿಗುವುದು ಜೇಬಿನ ತೂತಿನಿಂದ ಕಂಡ ಅಲುಗಾಡುವ ಬೀದಿ. ಅದರಲ್ಲಿ ಮನುಷ್ಯರು ದೂರದ ನೆರಳುಗಳು. ಗಾರ್ಡನ್ ಚಿತ್ರದಲ್ಲಿ ಮಗಳ ಕಾಲುನೋವಿಗೆ ಅಮ್ಮ ಗೊಣಗುತ್ತಾಳೆ, ಅಜ್ಜಿ ಮೊಮ್ಮಗಳಿಗೆ ಹೆಚ್ಚು ಬಡಿಸುತ್ತಾಳೆ. ಇದನ್ನು ನೋಡಿದ ಮೇಲೆ ಉತ್ತರ ಕೊರಿಯಾದವರನ್ನು ಯಂತ್ರಮಾನವರ ಪಡೆ ಎಂದು ಭಾವಿಸುವುದು ಸಾಧ್ಯವಿಲ್ಲ. ಇನ್ನೊಂದು ಮಾತು ಅದಕ್ಕಿಂತ ತೂಕದ್ದು: ಚಿತ್ರ ಮುಗಿದು ತಂಡ ವಿಮಾನ ಹತ್ತಿದ ಮೇಲೆ ಆ ಮನೆಯವರನ್ನು ಪೊಲೀಸರು ಕರೆದು ವಿಚಾರಿಸುವ ಭಯ ಕಡಿಮೆ.

ವಿರೋಧದ ವಾದವೂ ಹಗುರದ್ದಲ್ಲ. ಪ್ಯೊಂಗ್ಯಾಂಗಿನಲ್ಲಿ ವಾಸಿಸಲು ಸಿಗುವುದೇ ಅಲ್ಲಿ ಒಂದು ಸವಲತ್ತು. ರಾಜನಿಷ್ಠೆ ಸಾಬೀತಾದ ಮನೆತನಗಳಿಗೆ ಮೀಸಲು. 1990ರ ದಶಕದ ಕ್ಷಾಮದಲ್ಲಿ ಲಕ್ಷಾಂತರ ಜನ ಸತ್ತದ್ದು ಹೆಚ್ಚಾಗಿ ಈಶಾನ್ಯದ ಪ್ರಾಂತ್ಯಗಳಲ್ಲಿ. ಅಲ್ಲಿಗೆ ಈ ಕ್ಯಾಮೆರಾ ಕಾಲಿಡುವುದಿಲ್ಲ. ಗುಡ್ಡಗಳ ನಡುವಿನ ರಾಜಕೀಯ ಕೈದಿಗಳ ಶಿಬಿರಗಳ ಹತ್ತಿರ ಸುಳಿಯುವ ಮಾತೇ ಇಲ್ಲ. ಮತ್ತೆ ವೀಸಾ ಬೇಕಾದವನು ಒಂದು ಪ್ರಶ್ನೆಯನ್ನು ನುಂಗಿಕೊಳ್ಳುತ್ತಾನೆ, ಆಮೇಲೆ ಎರಡನ್ನು. ಗಾರ್ಡನ್ ಮೂರನೆಯ ಸಲವೂ ಒಳಗೆ ಹೋದ. 1962ರಲ್ಲಿ ಗಡಿ ದಾಟಿ ಉತ್ತರಕ್ಕೆ ಓಡಿಹೋದ ಅಮೆರಿಕನ್ ಸೈನಿಕ ಜೇಮ್ಸ್ ಡ್ರೆಸ್ನಾಕ್ ಬಗ್ಗೆ ‘ಕ್ರಾಸಿಂಗ್ ದ ಲೈನ್’ (2006) ಮಾಡಿದ. ಆ ಚಿತ್ರ ಇಲ್ಲದಿದ್ದರೆ ಪ್ಯೊಂಗ್ಯಾಂಗಿನಲ್ಲಿ ಮೀನು ಹಿಡಿಯುತ್ತಾ, ಉತ್ತರ ಕೊರಿಯಾದ ಸಿನಿಮಾಗಳಲ್ಲಿ ಅಮೆರಿಕನ್ ಖಳನ ಪಾತ್ರ ಮಾಡುತ್ತಾ ಮುದುಕನಾದ ಆ ಭಾರೀ ಮೈಕಟ್ಟಿನವನನ್ನು ನಾವು ನೋಡುತ್ತಲೇ ಇರಲಿಲ್ಲ. ಆದರೆ ಅವನನ್ನು ಕೇಳಬೇಕಾದ ಎಷ್ಟೋ ಪ್ರಶ್ನೆಗಳನ್ನು ಕೇಳುವ ಸ್ವಾತಂತ್ರ್ಯ ಅಲ್ಲಿ ಯಾರಿಗೂ ಇರಲಿಲ್ಲ.

ಈಗ ಎರಡನೆಯ ದಾರಿ. ಅದರ ಅತ್ಯುತ್ತಮ ಉದಾಹರಣೆ ಎರಡೂ ದಾರಿಗಳ ನಡುವೆ ನಿಂತಿರುವುದೇ ತಮಾಷೆ. ಉಕ್ರೇನಿನ ಲ್ವಿವ್ ನಗರದಲ್ಲಿ ಹುಟ್ಟಿ ರಷ್ಯಾದಲ್ಲಿ ಚಿತ್ರ ಮಾಡುತ್ತಿದ್ದ ವಿತಾಲಿ ಮಾನ್ಸ್ಕಿ ಪೂರ್ಣ ಅನುಮತಿ ಪಡೆದೇ ಪ್ಯೊಂಗ್ಯಾಂಗಿಗೆ ಹೋದ. ಎಂಟು ವರ್ಷದ ಹುಡುಗಿಯೊಬ್ಬಳು ಮಕ್ಕಳ ಸಂಘಕ್ಕೆ ಸೇರುವ ವಿಷಯ. ಚಿತ್ರಕಥೆ ಬರೆದವರು ಅಲ್ಲಿನ ಅಧಿಕಾರಿಗಳೇ, ಜಾಗ ಆರಿಸಿದವರೂ ಅವರೇ. ಹುಡುಗಿಯ ಅಪ್ಪ ಪತ್ರಕರ್ತ ಎಂದು ಮಾನ್ಸ್ಕಿಗೆ ಮೊದಲು ತಿಳಿದಿತ್ತು. ಚಿತ್ರೀಕರಣಕ್ಕೆ ಬರುವಷ್ಟರಲ್ಲಿ ಅವನು ಬಟ್ಟೆ ಕಾರ್ಖಾನೆಯ ಎಂಜಿನಿಯರ್ ಆಗಿದ್ದ. ಅಮ್ಮ ಸೋಯಾ ಹಾಲಿನ ಕಾರ್ಖಾನೆಯ ಕೆಲಸಗಾರಳಾಗಿದ್ದಳು. ಮಾನ್ಸ್ಕಿ ಮಾಡಿದ್ದು ಇಷ್ಟೇ: ‘ಆ್ಯಕ್ಷನ್’ಗಿಂತ ಮೊದಲು ಮತ್ತು ‘ಕಟ್’ ಆದ ಮೇಲೆ ಕ್ಯಾಮೆರಾ ಆರಿಸಲಿಲ್ಲ. ದಿನದ ಕೊನೆಗೆ ಅಧಿಕಾರಿಗಳಿಗೆ ತೋರಿಸಲು ಒಂದು ಪ್ರತಿ, ತಾನು ಬಚ್ಚಿಟ್ಟುಕೊಳ್ಳಲು ಇನ್ನೊಂದು.

ಹಾಗೆ ಬಂದದ್ದು ‘ಅಂಡರ್ ದ ಸನ್’ (2015). ತುಂಬಿದ ಊಟದ ಮೇಜಿನ ಸುತ್ತ ಮನೆಯವರು ಕುಳಿತಿದ್ದಾರೆ. ಕಿಮ್ಚಿ ತಿಂದರೆ ದೇಹಕ್ಕೆ ಏನೇನು ಒಳ್ಳೆಯದು ಎಂದು ಅಪ್ಪ ಮಗಳಿಗೆ ಹೇಳಬೇಕು. ಹೇಳುತ್ತಾನೆ. ಕೋಟು ತೊಟ್ಟ ಸರ್ಕಾರಿ ಬೆಂಗಾವಲಿನವನು ಚೌಕಟ್ಟಿನೊಳಗೆ ನಡೆದು ಬಂದು, ಇನ್ನೂ ಖುಷಿಯಾಗಿ ಹೇಳು ಎನ್ನುತ್ತಾನೆ. ಮತ್ತೆ ಹೇಳುತ್ತಾನೆ. ಮತ್ತೆ ತಿದ್ದುಪಡಿ. ಇನ್ನೊಂದು ಕಡೆ ಎದೆತುಂಬ ಪದಕ ಹೊತ್ತ ಮುದಿ ಯೋಧ ಮಕ್ಕಳಿಗೆ ಯುದ್ಧದ ಕಥೆ ಹೇಳುತ್ತಿದ್ದಾನೆ, ಹುಡುಗಿಯೊಬ್ಬಳಿಗೆ ತೂಕಡಿಕೆ. ರೆಪ್ಪೆ ಇಳಿಯುತ್ತದೆ, ಬೆಚ್ಚಿ ತೆರೆಯುತ್ತಾಳೆ, ಮತ್ತೆ ಇಳಿಯುತ್ತದೆ. ಕ್ಯಾಮೆರಾ ಅವಳನ್ನು ಬಿಟ್ಟು ಕದಲುವುದಿಲ್ಲ. ಆ ದೇಶದ ಬಗ್ಗೆ ಬಂದ ಎಷ್ಟೋ ಪುಸ್ತಕಗಳಿಗಿಂತ ಆ ಎರಡು ರೆಪ್ಪೆಗಳು ಹೆಚ್ಚು ಹೇಳುತ್ತವೆ. ಕೊನೆಯ ಭಾಗದಲ್ಲಿ ನಾಯಕಿ ಹುಡುಗಿಗೆ ಅಳು ಒತ್ತರಿಸಿ ಬರುತ್ತದೆ. ಏನಾದರೂ ಒಳ್ಳೆಯದು ನೆನೆಸಿಕೋ ಎನ್ನುತ್ತಾರೆ. ಅವಳಿಗೆ ಏನೂ ಹೊಳೆಯುವುದಿಲ್ಲ. ಒಂದು ಪದ್ಯ ಹೇಳು ಎನ್ನುತ್ತಾರೆ. ಅವಳ ಬಾಯಿಗೆ ಬರುವುದು ನಾಯಕರ ಹೆಸರು ಹೊತ್ತ ಪ್ರತಿಜ್ಞೆ.

ಇದಕ್ಕಿಂತ ಪರಿಣಾಮಕಾರಿಯಾಗಿ ಒಂದು ಸುಳ್ಳಿನ ಹೊಲಿಗೆ ಬಿಚ್ಚಿ ತೋರಿಸಿದ ಚಿತ್ರ ನನಗೆ ಗೊತ್ತಿಲ್ಲ. ಗಾರ್ಡನ್ ತೋರಿಸಿದ ಅಡುಗೆಮನೆಯಲ್ಲೂ ಚೌಕಟ್ಟಿನ ಆಚೆ ಇಂಥ ಒಬ್ಬ ಕೋಟಿನವನು ನಿಂತಿದ್ದನೇ ಎಂಬ ಅನುಮಾನವನ್ನು ಮಾನ್ಸ್ಕಿ ಖಾಯಂ ಮಾಡಿಬಿಡುತ್ತಾನೆ. ಆದರೂ ಈ ಚಿತ್ರವನ್ನು ಶಿಫಾರಸು ಮಾಡುವಾಗಲೆಲ್ಲ ನಾಲಿಗೆ ಸ್ವಲ್ಪ ತಡೆಯುತ್ತದೆ. ಹುಡುಗಿಯ ಮುಖ ಸ್ಪಷ್ಟವಾಗಿದೆ, ಅಪ್ಪ ಅಮ್ಮನ ಮುಖ ಸ್ಪಷ್ಟವಾಗಿದೆ, ತಿದ್ದುಪಡಿ ಹೇಳುವ ಬೆಂಗಾವಲಿನವರ ಮುಖಗಳೂ ಸ್ಪಷ್ಟವಾಗಿವೆ. ತಮ್ಮನ್ನು ಹೀಗೆ ತೋರಿಸಲು ಇವರಲ್ಲಿ ಯಾರೂ ಒಪ್ಪಿರಲಿಲ್ಲ. ಮಾನ್ಸ್ಕಿ ಅಲ್ಲಿಂದ ಹೊರಟುಬಂದ. ಅವರು ಎಲ್ಲಿಗೂ ಹೋಗುವಂತಿಲ್ಲ. ಮಾನ್ಸ್ಕಿಯ ಪರ ವಾದಿಸುವವರು, ಅವರು ಅಧಿಕಾರಿಗಳು ಹೇಳಿದ ಹಾಗೆ ಕೇಳಿದ್ದೇ ಚಿತ್ರದಲ್ಲಿ ದಾಖಲಾಗಿದೆ, ಅದೇ ಅವರಿಗೆ ರಕ್ಷೆ ಎನ್ನುತ್ತಾರೆ. ಇರಬಹುದು. ಆ ಲೆಕ್ಕಾಚಾರವನ್ನು ಅವರ ಪರವಾಗಿ ಯಾರೋ ಹೊರಗಿನವನು ಮಾಡಿದ ಎಂಬುದು ಮಾತ್ರ ಉಳಿಯುತ್ತದೆ.

ಡೆನ್ಮಾರ್ಕಿನ ಮ್ಯಾಡ್ಸ್ ಬ್ರುಗ್ಗರ್ ಈ ಪ್ರಶ್ನೆಯನ್ನು ಚಿತ್ರದೊಳಗೇ ಎಳೆದು ತಂದವನು. ‘ದ ರೆಡ್ ಚಾಪೆಲ್’ (2009) ಚಿತ್ರಕ್ಕೆ ಆತ ಹೂಡಿದ್ದು ನೇರ ಮೋಸ. ಕೊರಿಯಾದಲ್ಲಿ ಹುಟ್ಟಿ ಡೆನ್ಮಾರ್ಕಿಗೆ ದತ್ತು ಬಂದ ಇಬ್ಬರು ಹಾಸ್ಯನಟರನ್ನು ಕರೆದುಕೊಂಡು, ನಾವು ಸಾಂಸ್ಕೃತಿಕ ವಿನಿಮಯದ ನಾಟಕ ತಂಡ ಎಂದು ಹೇಳಿ ಪ್ಯೊಂಗ್ಯಾಂಗಿಗೆ ಹೋದ. ನಾಟಕ ಬೇಕೆಂದೇ ಅಸಂಬದ್ಧ. ಇಬ್ಬರಲ್ಲಿ ಒಬ್ಬ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ ಇರುವವನು. ಅವನ ತೊದಲು ಡೇನಿಷ್ ಯಾವ ಬೆಂಗಾವಲಿನವರಿಗೂ ಅರ್ಥವಾಗುವುದಿಲ್ಲವಾದ್ದರಿಂದ ಇಡೀ ದೇಶದಲ್ಲಿ ಬಾಯಿಬಿಟ್ಟು ನಿಜ ಹೇಳುವ ಸ್ವಾತಂತ್ರ್ಯ ಇದ್ದದ್ದು ಅವನೊಬ್ಬನಿಗೆ. ಅವನು ಅದನ್ನು ಬಳಸುವುದು ಆಡಳಿತವನ್ನು ಬೈಯಲು ಮಾತ್ರವಲ್ಲ, ನಿರ್ದೇಶಕನನ್ನು ಬೈಯಲು ಕೂಡ. ತಂಡದ ಜೊತೆಗಿದ್ದ ಕೊರಿಯಾದ ಮಹಿಳೆಗೆ ಈ ಹುಡುಗನ ಮೇಲೆ ತಾಯಿಯಂಥ ಮಮತೆ ಹುಟ್ಟುತ್ತದೆ. ಅವಳಿಗೆ ಸುಳ್ಳು ಹೇಳುತ್ತಿದ್ದೇವೆ, ಇದು ಸರಿಯಲ್ಲ ಎಂದು ಅವನು ರೇಗುತ್ತಾನೆ. ಅಮೆರಿಕ ವಿರೋಧಿ ಮೆರವಣಿಗೆಯಲ್ಲಿ ಸುತ್ತಲೂ ಸಾವಿರಾರು ಮುಷ್ಟಿಗಳು ಮೇಲೇಳುತ್ತವೆ. ಬ್ರುಗ್ಗರ್ ತಾನೂ ಮುಷ್ಟಿ ಎತ್ತುತ್ತಾನೆ. ಹುಡುಗ ಎತ್ತಲು ಒಪ್ಪುವುದಿಲ್ಲ.

ಸನ್‌ಡಾನ್ಸ್ ಉತ್ಸವದಲ್ಲಿ ಬಹುಮಾನ ಪಡೆದ ಈ ಚಿತ್ರವನ್ನು ನಾನು ಎರಡು ಮನಸ್ಸಿನಿಂದಲೇ ನೋಡುತ್ತೇನೆ. ಸರ್ವಾಧಿಕಾರವನ್ನು ನಗೆಯಿಂದ ಎದುರಿಸಬೇಕು ಎಂಬುದು ಬ್ರುಗ್ಗರ್ ವಾದ. ಆದರೆ ಅಲ್ಲಿ ನಗೆಗೆ ಸಿಕ್ಕವರು ಕಿಮ್ ವಂಶದವರಲ್ಲ. ಅತಿಥಿಗಳ ಮುಂದೆ ತಮ್ಮ ಕೆಲಸ ಸರಿಯಾಗಿ ಆಗಲಿ ಎಂದು ಒದ್ದಾಡುವ ಕೆಳಹಂತದ ನೌಕರರು. ಸ್ಟಾಕ್‌ಹೋಮಿನಲ್ಲೋ ಬೆಂಗಳೂರಿನಲ್ಲೋ ಕುಳಿತ ನಮಗೆ ಆ ಪರದಾಟ ನೋಡಿ ನಗುವುದು ಸಲೀಸು.

ಒಳಗೆ ಹೋಗದೆ, ಹೊರಗೆ ಬಂದವರ ಮಾತಿನ ಮೇಲೆ ಕಟ್ಟಿದ ಚಿತ್ರಗಳದ್ದು ಬೇರೆಯೇ ತೊಡಕು. ಮಾರ್ಕ್ ವೀಸೆ ನಿರ್ದೇಶನದ ‘ಕ್ಯಾಂಪ್ 14: ಟೋಟಲ್ ಕಂಟ್ರೋಲ್ ಝೋನ್’ (2012), ಶಿಬಿರದಲ್ಲೇ ಹುಟ್ಟಿ ಬೆಳೆದು ತಪ್ಪಿಸಿಕೊಂಡ ಶಿನ್ ಡಾಂಗ್-ಹ್ಯುಕ್ ಹೇಳಿದ ಕಥೆ. 2015ರ ಜನವರಿಯಲ್ಲಿ ಶಿನ್ ತನ್ನ ಕಥೆಯ ಕೆಲವು ಭಾಗಗಳು ಹೇಳಿದಂತೆ ನಡೆದಿರಲಿಲ್ಲ, ಕೆಲವು ಬೇರೆ ಶಿಬಿರದಲ್ಲಿ, ಬೇರೆ ವಯಸ್ಸಿನಲ್ಲಿ ನಡೆದವು ಎಂದು ಒಪ್ಪಿಕೊಂಡ. ಉತ್ತರ ಕೊರಿಯಾದ ಸರ್ಕಾರ ಇದನ್ನೇ ಹಿಡಿದು ಎಲ್ಲರ ಸಾಕ್ಷ್ಯವೂ ಸುಳ್ಳು ಎಂದಿತು. ಅದು ಹುರುಳಿಲ್ಲದ ಮಾತು. ಮೈಕೆಲ್ ಕಿರ್ಬಿ ಅಧ್ಯಕ್ಷತೆಯ ವಿಶ್ವಸಂಸ್ಥೆಯ ತನಿಖಾ ಆಯೋಗ 2014ರಲ್ಲಿ ಕೊಟ್ಟ ವರದಿ 80ಕ್ಕೂ ಹೆಚ್ಚು ಜನರ ಬಹಿರಂಗ ಸಾಕ್ಷ್ಯ ಮತ್ತು 240ಕ್ಕೂ ಹೆಚ್ಚು ಗೋಪ್ಯ ಸಂದರ್ಶನಗಳ ಮೇಲೆ ನಿಂತಿದೆ. ಒಬ್ಬ ಶಿನ್ ಜಾರಿದರೆ ಅದು ಬೀಳುವುದಿಲ್ಲ. ಸಿನಿಮಾ ಮಾತ್ರ ಬೀಳುತ್ತದೆ, ಏಕೆಂದರೆ ಅದು ನಿಂತದ್ದೇ ಒಬ್ಬನ ಮೇಲೆ. ಚಿತ್ರಹಿಂಸೆ ಅನುಭವಿಸಿದವನ ನೆನಪು ನ್ಯಾಯಾಲಯದ ಕಡತದಂತೆ ಇರುವುದಿಲ್ಲ ಎಂಬುದು ನಿಜ. ಹಾಗೆಂದು ಗೊತ್ತಿದ್ದೂ ಚಿತ್ರತಂಡಗಳು ಅತಿ ಘೋರವಾದ ಒಂದೇ ಕಥೆಯನ್ನು ಹುಡುಕಿಕೊಂಡು ಹೋಗುವುದೂ ನಿಜ.

ಮ್ಯಾಡೆಲಿನ್ ಗ್ಯಾವಿನ್ ಅವರ ‘ಬಿಯಾಂಡ್ ಯುಟೋಪಿಯಾ’ (2023) ಈ ತೊಡಕಿಗೆ ಒಂದು ಉತ್ತರ ಕಂಡುಕೊಂಡಿದೆ. ಇಲ್ಲಿ ನೆನಪಿನ ಮಾತಿಲ್ಲ, ಓಟವೇ ಕಣ್ಣೆದುರು ನಡೆಯುತ್ತದೆ. ಮುದಿ ಅಜ್ಜಿ, ಇಬ್ಬರು ಪುಟ್ಟ ಹೆಣ್ಣುಮಕ್ಕಳು ಸೇರಿ ಒಂದೇ ಕುಟುಂಬದ ಐವರು ಚೀನಾ, ವಿಯೆಟ್ನಾಂ, ಲಾವೋಸ್ ದಾಟಿ ಥಾಯ್ಲೆಂಡ್ ಮುಟ್ಟಬೇಕು. ದಕ್ಷಿಣ ಕೊರಿಯಾದ ಒಬ್ಬ ಪಾದ್ರಿ ದಲ್ಲಾಳಿಗಳ ಸರಪಳಿ ಹಿಡಿದು ಅವರನ್ನು ನಡೆಸುತ್ತಾನೆ. ಬಹಳಷ್ಟು ಭಾಗ ತೆಗೆದಿರುವುದು ಜೊತೆಗಿದ್ದವರ ಮೊಬೈಲಿನಲ್ಲಿ. ದಾರಿಯ ನಡುವೆ ಅಡಗುದಾಣವೊಂದರಲ್ಲಿ ಅಜ್ಜಿಯನ್ನು ಕಿಮ್ ಜೊಂಗ್ ಉನ್ ಬಗ್ಗೆ ಕೇಳುತ್ತಾರೆ. ಜೀವ ಕೈಯಲ್ಲಿ ಹಿಡಿದು ಅವನ ದೇಶದಿಂದ ಓಡಿ ಬಂದ ಅಜ್ಜಿ ಅವನನ್ನು ಹೊಗಳುತ್ತಾಳೆ. ಅಲ್ಲಿ ಬೆಂಗಾವಲಿನವರಿಲ್ಲ, ರೇಡಿಯೋ ಇಲ್ಲ, ಭಯಪಡಬೇಕಾದವರು ಯಾರೂ ಇಲ್ಲ. ‘ಎ ಸ್ಟೇಟ್ ಆಫ್ ಮೈಂಡ್’ ಚಿತ್ರದ ಆ ಕತ್ತಲ ಕೋಣೆಯ ಮಾತು ನಾಟಕವೋ ನಂಬಿಕೆಯೋ ಎಂಬ ಅನುಮಾನಕ್ಕೆ ಈ ಅಜ್ಜಿಯ ಬಳಿ ಅರ್ಧ ಉತ್ತರ ಸಿಗುತ್ತದೆ. ಒಂದೇ ಚಿತ್ರ ನೋಡಿ ಮುಗಿಸುತ್ತೇನೆ ಎನ್ನುವವರ ಜೊತೆ ನನಗೆ ತಕರಾರು ಇರುವುದು ಈ ಕಾರಣಕ್ಕೇ.

ಹೀಗಾಗಿ ನಾನು ಹೇಳುವ ಕ್ರಮ: ಮೊದಲು ಗಾರ್ಡನ್, ಆಮೇಲೆ ಮಾನ್ಸ್ಕಿ, ಕೊನೆಗೆ ಗ್ಯಾವಿನ್. ಮಾನ್ಸ್ಕಿಯನ್ನು ಮೊದಲು ನೋಡಿದವರು ಗಾರ್ಡನ್ ಚಿತ್ರದ ಅಮ್ಮನನ್ನೂ ಅಜ್ಜಿಯನ್ನೂ ನಟಿಯರೆಂದೇ ತಳ್ಳಿಹಾಕುತ್ತಾರೆ, ಅದು ಅನ್ಯಾಯ. ಗಾರ್ಡನ್ ನೋಡಿ ಅಲ್ಲಿಗೇ ನಿಲ್ಲಿಸಿದವರಿಗೆ ಆ ದೇಶ ಸ್ವಲ್ಪ ಕಟ್ಟುನಿಟ್ಟಿನ ಹಾಸ್ಟೆಲಿನಂತೆ ಕಾಣುತ್ತದೆ; ಅದು ಇನ್ನೂ ದೊಡ್ಡ ಅನ್ಯಾಯ.

ಈ ಎರಡೂ ದಾರಿಗೆ ಸೇರದ ಒಬ್ಬಳಿದ್ದಾಳೆ, ಯಾಂಗ್ ಯೊಂಗ್-ಹಿ. ಜಪಾನಿನ ಒಸಾಕಾದಲ್ಲಿ ಹುಟ್ಟಿದ ಕೊರಿಯನ್ ಮೂಲದವಳು. ಅಪ್ಪ ಉತ್ತರ ಕೊರಿಯಾ ಪರವಾದ ಚೊಂಗ್ರ್ಯೊನ್ ಸಂಘಟನೆಯ ಹಿರಿಯ ಕಾರ್ಯಕರ್ತ. 1959ರಿಂದ 1984ರವರೆಗೆ ಜಪಾನಿನಿಂದ ಸುಮಾರು 93,000 ಜನ ಸ್ವರ್ಗ ಎಂದು ನಂಬಿ ಉತ್ತರ ಕೊರಿಯಾಕ್ಕೆ ವಲಸೆ ಹೋದರು. ಈ ಅಪ್ಪ ತನ್ನ ಮೂವರು ಗಂಡುಮಕ್ಕಳನ್ನೂ ಕಳಿಸಿಕೊಟ್ಟ. ಮಗಳು ಕ್ಯಾಮೆರಾ ಹಿಡಿದು ವರ್ಷಗಟ್ಟಲೆ ಅಪ್ಪನ ಎದುರು ಕುಳಿತದ್ದೇ ‘ಡಿಯರ್ ಪ್ಯೊಂಗ್ಯಾಂಗ್’ (2005). ಪೆನ್ಸಿಲು, ಔಷಧಿ, ಚಳಿಗೆ ಮೈಗೆ ಅಂಟಿಸಿಕೊಳ್ಳುವ ಬಿಸಿ ಪಟ್ಟಿಗಳು, ಇವನ್ನೆಲ್ಲ ಅಮ್ಮ ಪೆಟ್ಟಿಗೆಗೆ ತುಂಬಿ ಸ್ವರ್ಗದಲ್ಲಿರುವ ಮಕ್ಕಳಿಗೆ ಕಳಿಸುತ್ತಲೇ ಇರುತ್ತಾಳೆ. ಪೆಟ್ಟಿಗೆಗೆ ಹಗ್ಗ ಬಿಗಿಯುವ ಅಮ್ಮನಿಗೂ ಗೋಡೆಯ ಮೇಲಿನ ನಾಯಕರ ಫೋಟೋಗೂ ನಡುವೆ ಏನು ನಡೆಯುತ್ತಿದೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇದು ಪ್ಯೊಂಗ್ಯಾಂಗಿನ ಅನುಮತಿ ಬೇಡಿ ಮಾಡಿದ ಚಿತ್ರವಲ್ಲ, ಸುಳ್ಳು ಹೇಳಿ ಮಾಡಿದ್ದೂ ಅಲ್ಲ. ಬೆಲೆ ಮಾತ್ರ ತೆರಬೇಕಾಯಿತು: ಯಾಂಗ್‌ಗೆ ಉತ್ತರ ಕೊರಿಯಾ ಪ್ರವೇಶ ನಿಷೇಧವಾಯಿತು, ಅಣ್ಣಂದಿರನ್ನು ನೋಡುವ ದಾರಿ ಮುಚ್ಚಿತು. ಮಾನ್ಸ್ಕಿಗೂ ಇವಳಿಗೂ ವ್ಯತ್ಯಾಸ ಇಲ್ಲಿದೆ. ಅಪಾಯಕ್ಕೆ ಒಡ್ಡಿದ್ದು ತನ್ನವರನ್ನೇ, ಕಳೆದುಕೊಂಡದ್ದೂ ತನ್ನದನ್ನೇ. ಇದರಿಂದ ಅಣ್ಣಂದಿರ ಒಪ್ಪಿಗೆ ಸಿಕ್ಕಂತಾಯಿತೇ ಎಂದು ಕೇಳಿದರೆ, ಇಲ್ಲ.

ಉಗ್ರ ರಾಜಕೀಯ ಚಳವಳಿಗಳ ಮೇಲಿನ ಚಿತ್ರಗಳಲ್ಲೂ ಇದೇ ಜಗಳ. ಮುಚ್ಚಿದ ದೇಶಕ್ಕೂ ಉಗ್ರರ ಕೂಟಕ್ಕೂ ಹಳೆಯ ನೆಂಟಸ್ತಿಕೆ ಕೂಡ ಇದೆ ಎನ್ನಿ. 1970ರ ಮಾರ್ಚ್ 31ರಂದು ಜಪಾನಿನ ರೆಡ್ ಆರ್ಮಿ ಬಣದ ಒಂಬತ್ತು ಯುವಕರು ಕತ್ತಿ ಹಿಡಿದು ವಿಮಾನ ಅಪಹರಿಸಿದಾಗ ಹೋಗಿ ಇಳಿದದ್ದು ಪ್ಯೊಂಗ್ಯಾಂಗಿನಲ್ಲೇ. ನಡುವೆ ದಕ್ಷಿಣ ಕೊರಿಯಾದವರು ಸೋಲ್ ಬಳಿಯ ಗಿಂಪೋ ನಿಲ್ದಾಣಕ್ಕೆ ಪ್ಯೊಂಗ್ಯಾಂಗಿನ ವೇಷ ಹಾಕಿ ಇಳಿಸಿಕೊಂಡರೂ ಹುಡುಗರು ಮೋಸ ಹೋಗಲಿಲ್ಲ. ಒಂದಿಷ್ಟು ತರಬೇತಿ ಪಡೆದು ಕ್ರಾಂತಿಗೆ ಮರಳುತ್ತೇವೆ ಎಂದುಕೊಂಡು ಹೋದವರಲ್ಲಿ ಕೆಲವರು ಅಲ್ಲೇ ಮುದುಕರಾದರು.

ಚಳವಳಿ ಮುಗಿದ ಮೇಲೆ ಅದರ ಸದಸ್ಯರನ್ನು ಎದುರು ಕೂರಿಸಿ ಮಾಡುವ ಚಿತ್ರಕ್ಕೆ ಒಳ್ಳೆಯ ಮಾದರಿ ಸ್ಯಾಮ್ ಗ್ರೀನ್ ಮತ್ತು ಬಿಲ್ ಸೀಗಲ್ ಅವರ ‘ದ ವೆದರ್ ಅಂಡರ್‌ಗ್ರೌಂಡ್’ (2002). ವಿಯೆಟ್ನಾಂ ಯುದ್ಧ ನಿಲ್ಲಿಸಲು ಮೆರವಣಿಗೆ ಸಾಲದು ಎಂದು ಬಾಂಬಿಗೆ ಕೈಹಾಕಿದ ಅಮೆರಿಕದ ವಿದ್ಯಾರ್ಥಿಗಳ ಕಥೆ. 1970ರ ಮಾರ್ಚ್ 6ರಂದು ನ್ಯೂಯಾರ್ಕಿನ ಗ್ರೆನಿಚ್ ವಿಲೇಜ್ ಬಡಾವಣೆಯ ಮನೆಯೊಂದರಲ್ಲಿ ಅವರು ತಯಾರಿಸುತ್ತಿದ್ದ ಬಾಂಬು ಅವರ ಕೈಯಲ್ಲೇ ಸಿಡಿದು ಮೂವರು ಸತ್ತರು. ಚಿತ್ರ ಆ ಪೀಳಿಗೆಯ ಸಿಟ್ಟಿಗೆ ಕಾರಣವಾದ ಯುದ್ಧದ ದೃಶ್ಯಗಳನ್ನು ಮುಚ್ಚಿಡುವುದಿಲ್ಲ, ಆ ಸಿಟ್ಟು ಹಿಡಿದ ದಾರಿಯನ್ನೂ ಮುಚ್ಚಿಡುವುದಿಲ್ಲ. ಆ ಗುಂಪಿನಲ್ಲಿದ್ದವರಲ್ಲಿ ಬರ್ನಾಡಿನ್ ಡೋರ್ನ್ ಅವರಿಗೆ ಪಶ್ಚಾತ್ತಾಪ ಕಡಿಮೆ. ಮಾರ್ಕ್ ರಡ್‌ಗೆ ತಾನು ಮಾಡಿದ್ದನ್ನು ಎಲ್ಲಿಡಬೇಕು ಎಂದೇ ತಿಳಿಯದು. ಬ್ರಯನ್ ಫ್ಲಾನಗನ್ ತಾನೇ ಸರಿ ಎಂಬ ನೈತಿಕ ಗರ್ವ ಮನುಷ್ಯನಿಂದ ಏನನ್ನು ಬೇಕಾದರೂ ಮಾಡಿಸುತ್ತದೆ ಎನ್ನುತ್ತಾನೆ. ಆ ದಿನಗಳಲ್ಲೇ ಅವರನ್ನು ಎದುರಿಸಿದ ಟಾಡ್ ಗಿಟ್ಲಿನ್‌ಗೆ ಚಿತ್ರ ತೆಗೆಯುವ ಹೊತ್ತಿಗೂ ಕೋಪ ಆರಿರಲಿಲ್ಲ. ನಾಲ್ಕು ಜನ ನಾಲ್ಕು ದಿಕ್ಕಿಗೆ ಎಳೆಯುವುದನ್ನು ಹಾಗೇ ಬಿಟ್ಟದ್ದು ಚಿತ್ರದ ದೊಡ್ಡಗುಣ. ಕೊರತೆಯೆಂದರೆ ನಡುವಯಸ್ಸಿಗೆ ಬಂದವರ ನೆನಪಿಗೆ ಸಹಜವಾಗಿ ಹತ್ತಿಕೊಳ್ಳುವ ಹೊಳಪು; ಹಿನ್ನೆಲೆಯ ಸಂಗೀತ, ಕಪ್ಪುಬಿಳುಪು ಯೌವನ ಎಲ್ಲ ಸೇರಿ ತಲೆಮರೆಸಿಕೊಂಡ ಬದುಕು ಒಮ್ಮೊಮ್ಮೆ ಚೆಂದ ಕಂಡುಬಿಡುತ್ತದೆ.

ನಮ್ಮ ದೇಶದ್ದೇ ಆದ ‘ರೆಡ್ ಆ್ಯಂಟ್ ಡ್ರೀಮ್’ (2013) ಹಾಗಲ್ಲ. ಸಂಜಯ್ ಕಾಕ್ ಬಸ್ತರಿನ ಮಾವೋವಾದಿಗಳು, ಒಡಿಶಾದ ನಿಯಮಗಿರಿಯ ಆದಿವಾಸಿಗಳು, ಭಗತ್ ಸಿಂಗ್ ನೆನಪಿನ ಪಂಜಾಬು, ಮೂರನ್ನೂ ಒಂದು ದಾರಕ್ಕೆ ಪೋಣಿಸುತ್ತಾರೆ. ತಮ್ಮ ಒಲವು ಎತ್ತ ಎಂಬುದನ್ನು ಬಚ್ಚಿಡುವುದಿಲ್ಲ. ಮಾವೋವಾದಿಗಳ ವಿರುದ್ಧ ಸರ್ಕಾರದ ಬೆಂಬಲದಿಂದ ಕಟ್ಟಿದ ಸಲ್ವಾ ಜುಡುಂ ಪಡೆಯ ಹೆಸರಿನಲ್ಲಿ ಊರುಗಳು ಬರಿದಾದ ಕಾಲದಲ್ಲಿ ಕಾಡಿನ ಒಳಗಿನ ಮಾತು ಕೇಳಿಸಿದ್ದಕ್ಕೆ ಈ ಚಿತ್ರ ಬೇಕು. 2010ರ ಏಪ್ರಿಲ್ ದಾಂತೇವಾಡ ದಾಳಿಯಲ್ಲಿ ಸತ್ತ 76 ಭದ್ರತಾ ಸಿಬ್ಬಂದಿಯ ಮನೆಗಳ, ಪೊಲೀಸ್ ಮಾಹಿತಿದಾರರೆಂದು ಮಾವೋವಾದಿಗಳ ಕೈಯಲ್ಲಿ ಹತರಾದ ಹಳ್ಳಿಗರ ಕಥೆಗೆ ಬೇರೆ ಕಡೆ ಹೋಗಬೇಕು.

ಅನುಮತಿಯ ಪರ ನನ್ನ ಕೈಯಲ್ಲಿರುವ ಬಲವಾದ ಸಾಕ್ಷಿ ಕೂಡ ಭಾರತದ್ದೇ. ಕೆನಡಾದ ನಿಶಾ ಪಾಹುಜಾ ‘ದ ವರ್ಲ್ಡ್ ಬಿಫೋರ್ ಹರ್’ (2012) ಚಿತ್ರದಲ್ಲಿ ಮಿಸ್ ಇಂಡಿಯಾ ತರಬೇತಿಯನ್ನೂ ವಿಶ್ವ ಹಿಂದೂ ಪರಿಷತ್ತಿನ ಮಹಿಳಾ ವಿಭಾಗವಾದ ದುರ್ಗಾ ವಾಹಿನಿಯ ಶಿಬಿರವನ್ನೂ ಅಕ್ಕಪಕ್ಕ ಇಡುತ್ತಾರೆ. ವೇಷ ಬದಲಿಸಿ ಹೋದವರಲ್ಲ. ಬಹಳ ಕಾಲ ಓಡಾಡಿ, ನಂಬಿಕೆ ಗಳಿಸಿ ಶಿಬಿರದೊಳಗೆ ಕಾಲಿಟ್ಟವರು. ಲಾಠಿ ತಿರುಗಿಸಲು ಕಲಿಯುವ ಹುಡುಗಿಯರ ದೃಶ್ಯಗಳು ಗುಪ್ತ ಕ್ಯಾಮೆರಾಕ್ಕೂ ಸಿಗುತ್ತಿದ್ದವೇನೋ. ಸಿಗದೇ ಇರುತ್ತಿದ್ದದ್ದು ಅಲ್ಲಿನ ಯುವ ತರಬೇತುದಾರಳ ಮನೆ. ಅಪ್ಪ ಹೊಡೆಯುತ್ತಾನೆ, ಮದುವೆಯಾಗು ಎನ್ನುತ್ತಾನೆ, ಅವಳಿಗೆ ಮದುವೆ ಬೇಡ, ಸಂಘಟನೆ ಬೇಕು. ಆದರೂ ಅಪ್ಪನನ್ನು ಕ್ಷಮಿಸುತ್ತಾಳೆ. ಹುಟ್ಟಿದ್ದು ಹೆಣ್ಣು ಎಂದು ಗೊತ್ತಾದ ಮೇಲೂ ತನ್ನನ್ನು ಬದುಕಲು ಬಿಟ್ಟನಲ್ಲ, ಅಷ್ಟು ಸಾಕು ಎಂಬುದು ಅವಳ ಲೆಕ್ಕ. ಅವಳ ರಾಜಕೀಯವನ್ನು ಕಿಂಚಿತ್ತೂ ಒಪ್ಪದವರೂ ಅಲ್ಲಿ ಸುಮ್ಮನಾಗುತ್ತಾರೆ. ಇಂಥ ಮಾತು ಹೊರಬರುವುದು, ತನ್ನ ಮುಂದೆ ಕುಳಿತವಳು ಯಾರು, ಯಾಕೆ ಬಂದಿದ್ದಾಳೆ ಎಂದು ಗೊತ್ತಿದ್ದಾಗ. ಉಗ್ರರ ಕೈಗೆ ಮೈಕು ಕೊಟ್ಟಂತಾಯಿತು ಎಂದು ದೂರುವವರಿಗೆ ಈ ಚಿತ್ರ ತಕ್ಕ ಉತ್ತರ. ಶಿಬಿರದ ಭಾಷಣಗಳು ಪೂರ್ತಿ ಕೇಳಿಸುತ್ತವೆ, ಅವು ಆ ಹುಡುಗಿಗೆ ಏನು ಮಾಡುತ್ತಿವೆ ಎಂಬುದೂ ಪೂರ್ತಿ ಕಾಣುತ್ತದೆ.

ಇದರ ಪಕ್ಕಕ್ಕೆ ಇಟ್ಟು ನೋಡಬೇಕಾದದ್ದು ತಲಾಲ್ ದರ್ಕಿಯ ‘ಆಫ್ ಫಾದರ್ಸ್ ಆ್ಯಂಡ್ ಸನ್ಸ್’ (2017). ಬರ್ಲಿನ್‌ನಲ್ಲಿ ನೆಲೆಸಿದ ಸಿರಿಯಾದವನು ದರ್ಕಿ. ತಾನು ಜಿಹಾದಿಗಳ ಪರ ಒಲವಿರುವ ಯುದ್ಧ ಛಾಯಾಗ್ರಾಹಕ ಎಂದು ಸುಳ್ಳು ಹೇಳಿ, ಉತ್ತರ ಸಿರಿಯಾದಲ್ಲಿ ಅಲ್-ನುಸ್ರಾ ಹೋರಾಟಗಾರನೊಬ್ಬನ ಮನೆಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ಹೋಗಿಬರುತ್ತಿದ್ದ. ಸಿಕ್ಕಿಬಿದ್ದಿದ್ದರೆ ತಲೆ ಉಳಿಯುತ್ತಿರಲಿಲ್ಲ. ಆ ಅಪ್ಪ ಮಕ್ಕಳಿಗೆ ಬಿನ್ ಲಾಡೆನ್, ಜವಾಹಿರಿಯ ಹೆಸರಿಟ್ಟಿದ್ದಾನೆ. ಮಕ್ಕಳನ್ನು ಎತ್ತಿ ಮುದ್ದಿಸುತ್ತಾನೆ, ಅವರ ಜೊತೆ ಆಡುತ್ತಾನೆ. ಬಾಂಬು ತೆಗೆಯಲು ಹೋಗಿ ಕಾಲು ಕಳೆದುಕೊಳ್ಳುತ್ತಾನೆ. ಮನೆಯ ಹೆಂಗಸರು ಒಮ್ಮೆಯೂ ಚೌಕಟ್ಟಿಗೆ ಬರುವುದಿಲ್ಲ. ಹುಡುಗರು ಒಂದು ಹಕ್ಕಿ ಹಿಡಿಯುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಒಬ್ಬ ಬಂದು, ನೀನು ಆ ಮನುಷ್ಯನಿಗೆ ಮಾಡಿದ ಹಾಗೇ ಇದರ ತಲೆ ಕತ್ತರಿಸಿದೆವು ಎಂದು ಅಪ್ಪನಿಗೆ ವರದಿ ಒಪ್ಪಿಸುತ್ತಾನೆ. ಕೊನೆಗೆ ಒಬ್ಬ ಮಗ ಸೈನಿಕ ತರಬೇತಿಗೆ ಹೋಗುತ್ತಾನೆ, ಇನ್ನೊಬ್ಬ ಶಾಲೆಗೆ.

ಇದು ಮಾತ್ರ ಬೇರೆ ಯಾವ ದಾರಿಯಿಂದಲೂ ಸಾಧ್ಯವಿರಲಿಲ್ಲ ಎಂಬ ವಾದಕ್ಕೆ ನನ್ನ ಬಳಿ ಉತ್ತರವಿಲ್ಲ. ನಾನು ಸಿರಿಯಾ ಕಳೆದುಕೊಂಡವನು, ಆ ವಿಷ ಮಗುವಿಗೆ ಹೇಗೆ ದಾಟುತ್ತದೆಂದು ತೋರಿಸುವ ಹಕ್ಕು ನನಗಿದೆ ಎಂದು ದರ್ಕಿ ಹೇಳಿದರೆ ಅವನ ಬಾಯಿ ಮುಚ್ಚಿಸಲು ಮನೆಯಲ್ಲಿ ಕುಳಿತ ನಾನು ಯಾರು? ಅಪ್ಪನಿಗೆ ಮೋಸವಾಯಿತು ಎಂಬುದೂ ನನ್ನನ್ನು ಕಾಡುವುದಿಲ್ಲ. 2018ರಲ್ಲಿ ಅವನು ಸತ್ತ. ಕಾಡುವುದು ಹುಡುಗರು. ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ತೆಗೆದ ಅವರ ಮುಖಗಳು ಆಸ್ಕರ್ ನಾಮನಿರ್ದೇಶನದವರೆಗೆ ಹೋಗಿ ಇವತ್ತು ಎಲ್ಲರ ಫೋನಿನಲ್ಲೂ ಸಿಗುತ್ತವೆ. ಶಾಲೆ ಆರಿಸಿಕೊಂಡ ಆ ಹುಡುಗ ನಾಳೆ ಯಾವುದೋ ಊರಿನಲ್ಲಿ ಕೆಲಸ ಕೇಳಿಕೊಂಡು ಹೋದಾಗ ಅವನಿಗಿಂತ ಮೊದಲು ಈ ಚಿತ್ರ ಅಲ್ಲಿರುತ್ತದೆ. ಅವನನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೂ ಆ ವಯಸ್ಸಿನ ಹೂಂಗುಟ್ಟುವಿಕೆಗೆ ಏನು ಬೆಲೆ? ಫಿಲ್ಮ್ ಸೊಸೈಟಿಯಲ್ಲಿ, ನೋಡಿದ ಮೇಲೆ ಕುಳಿತು ಜಗಳವಾಡಲು ಹತ್ತು ಜನರಿರುವಲ್ಲಿ, ಈ ಚಿತ್ರ ಹಾಕಿ ಎಂದು ಹೇಳುತ್ತೇನೆ. ರಾತ್ರಿ ಒಬ್ಬರೇ ಫೋನಿನಲ್ಲಿ ನೋಡಲು ಏನಾದರೂ ಹೇಳಿ ಎಂದು ಕೇಳಿದವರಿಗೆ ಪಾಹುಜಾ ಚಿತ್ರದ ಹೆಸರು ಕೊಡುತ್ತೇನೆ.